ಬಿಸಿಲಿನ ನಾಡಿನಲ್ಲಿ ಬಿಸಿಲಿನ ಬರ

ವರ್ಷವಿಡೀ ಸೂರ್ಯನು ಪ್ರಕಾಶಿಸುವ ನಾಡಿನಲ್ಲಿ ಬಿಸಿಲಿನ ಅಭಾವದಿಂದುಂಟಾಗುವ ರೋಗವಿರಬಲ್ಲುದೇ? 1922ರಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ಪ್ರಕಟಿಸಿದ, ಮುಂಬಯಿ ಪ್ರಾಂತದ ನಾಸಿಕದಲ್ಲಿ ನಡೆದ ಪರಿಶೀಲನೆಯು ಇರಬಲ್ಲುದೆಂದೇ ತೋರಿಸಿಕೊಟ್ಟಿತು. ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದ ಅನುಕೂಲಸ್ಥ ಮನೆತನಗಳಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೂ ಒಳಮನೆಯಲ್ಲಿಯೇ ಉಳಿದ ತಾಯಂದಿರ ಮತ್ತು ಶಿಶುಗಳ ಎಲುಬುಗಳು ಮೆತ್ತಗಾಗಿದ್ದವು. ಅಲ್ಪಾಹಾರವನ್ನುಂಡು ಬಯಲಿನಲ್ಲಿ ದುಡಿಯುತ್ತಿದ್ದ ಬಡವರಲ್ಲಿ ಈ ಪೀಡೆ ಕಾಣಬರಲಿಲ್ಲ.

ರಿಕೆಟ್ಸ್ ಎಂಬ ಈ ರೋಗದ ಚರಿತ್ರೆ ಹಳೆಯದು. 1650ರಲ್ಲಿ ಇಂಗ್ಲೆಂಡಿನ ಗ್ಲಿಸನ್ನನು ಇದರ ಮೇಲೆ ವಿಸ್ತಾರವಾದ ಗ್ರಂಥವನ್ನು ರಚಿಸಿದನು. 1822ರಲ್ಲಿ ಪೋಲೆಂಡಿನ ವೈದ್ಯ ಸ್ನಿಯಾಡೆಟ್ಸ್ಕಿ, ವಾರ್ಸಾ ನಗರದ ಮಕ್ಕಳನ್ನು ಕಾಡುವ ರೋಗವು ಹಳ್ಳಿಯ ಮಕ್ಕಳಲ್ಲಿ ವಿರಳವೆಂಬುದನ್ನು ಗಮನಿಸಿ, ಬಿಸಿಲೇ ಮದ್ದೆಂದು ಸೂಚಿಸಿದನು. ಜಪಾನಿನಲ್ಲಿ ವೈದ್ಯನಾಗಿದ್ದು ಇಂಗ್ಲೆಂಡಿಗೆ ಹಿಂದಿರುಗಿದ ಪಾಮ್ 1890ರಲ್ಲಿ ದೇಶದೇಶಗಳ ವರದಿಗಳನ್ನು ಹೋಲಿಸಿ ಅದೇ ನಿರ್ಣಯಕ್ಕೆ ಬಂದನು. ಆದರೆ ಆ ಕಾಲದ ಪಂಡಿತರಲ್ಲಿ ಕೆಲವರು ಆಹಾರವನ್ನು, ಕೆಲವರು ವಂಶವನ್ನು ಕಾರಣವೆಂದು ವಾದಿಸುತ್ತಲೇ ಇದ್ದರು.

1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಪಾದರಸದ ದೀಪದ ಅತಿನೇರಳೆ ಕಿರಣಗಳಿಂದ ರೋಗಿ ಮಕ್ಕಳನ್ನು ಗುಣಪಡಿಸಿದನು. ಒಂದು ತೋಳಿಗೆ ಮಾತ್ರ ಕಿರಣ ತಾಗಿಸಿದರೂ ಮತ್ತೊಂದು ತೋಳಿನ ಎಲುಬೂ ಗಟ್ಟಿಯಾಯಿತು. ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದೊಡನೆ ಸಂಚರಿಸುತ್ತದೆಂದು ಇದರಿಂದ ಊಹಿಸಬಹುದಾಗಿತ್ತು. 1922ರಲ್ಲಿ ಮೆಕಾಲಮ್ ಮೀನೆಣ್ಣೆಯಲ್ಲಿನ ರೋಗನಿವಾರಕ ಸತ್ತ್ವವನ್ನು ಬೇರೆಯಾಗಿ ಗುರುತಿಸಿದನು. ಅದಕ್ಕೆ ‘ಡಿ’ ಜೀವಸತ್ತ್ವವೆಂದು ಹೆಸರಾಯಿತು. ಬಿಸಿಲು ಮತ್ತು ಎಣ್ಣೆ ಎರಡೂ ಒಂದೇ ಫಲವನ್ನು ಕೊಡುವ ರಹಸ್ಯ ಹೀಗೆ ಬಯಲಾಯಿತು.

ಹಾಗಾದರೆ ವಂಶದ ಪಾತ್ರವೇ ಇಲ್ಲವೆನ್ನಬಹುದೇ? ಹಾಗೆನ್ನಲಾಗದು. ಕಪ್ಪು ಚರ್ಮದ ವರ್ಣದ್ರವ್ಯವು ಕಿರಣಗಳನ್ನು ಹೀರಿಕೊಳ್ಳುವುದರಿಂದ ಅಂಥವರಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು. 2010ರಲ್ಲಿ ಪ್ರಕಟವಾದ, ಐರೋಪ್ಯ ಮೂಲದ 30,000ಕ್ಕೂ ಹೆಚ್ಚು ಜನರ ಪರೀಕ್ಷೆಯೊಂದು ಈ ಸತ್ತ್ವದ ಪ್ರಮಾಣವನ್ನು ಏರಿಳಿಸುವ ಮೂರು ವಂಶವಾಹಿ ನೆಲೆಗಳನ್ನು ದೃಢಪಡಿಸಿತು. ಅವುಗಳಲ್ಲಿ ಒಂದು ಚರ್ಮದಲ್ಲಿನ ಕಚ್ಚಾವಸ್ತುವಿಗೆ, ಒಂದು ಯಕೃತ್ತಿನಲ್ಲಿ ನಡೆಯುವ ಪರಿವರ್ತನೆಗೆ, ಇನ್ನೊಂದು ರಕ್ತದಲ್ಲಿನ ಸಾಗಾಟಕ್ಕೆ ಸಂಬಂಧಿಸಿವೆ. ಆದರೂ ಜನಜನರ ನಡುವಣ ವ್ಯತ್ಯಾಸದಲ್ಲಿ ಇವು ವಿವರಿಸುವುದು ಅಲ್ಪಾಂಶವನ್ನು ಮಾತ್ರ.

1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನೆಲೆಸಿದ ಪಾಕಿಸ್ತಾನಿ ವಲಸಿಗರಲ್ಲಿ ಇದೇ ಮೆದುಮೂಳೆ ಕಾಣಿಸಿಕೊಂಡುದು ವರದಿಯಾಯಿತು. ಅವರು ತಮ್ಮೊಡನೆ ಒಯ್ದ ಮೈಬಣ್ಣವು ಪೂರ್ವಜರದೇ ಆಗಿತ್ತು, ಬದಲಾದುದು ಆಕಾಶ. ನಾಸಿಕದಲ್ಲಿಯಾದರೋ ಆಕಾಶವೂ ಬದಲಾಗಿರಲಿಲ್ಲ. ಗೋಡೆಗಳು ಮಾತ್ರ ಅಡ್ಡಬಂದಿದ್ದವು. ವಂಶದಿಂದ ಬಂದುದನ್ನು ತಿದ್ದುವುದು ಮನುಷ್ಯನ ಕೈಯಲ್ಲಿಲ್ಲ. ಮನೆ, ಬೀದಿ ಮತ್ತು ಆಚಾರಗಳು ಅವನೇ ಕಟ್ಟಿದವು. ತಾಯಿಗೂ ಕೂಸಿಗೂ ಅಂಗಳದ ಬಿಸಿಲನ್ನು ದೊರಕಿಸುವ ಹೊಣೆಯೂ ಅವನದೇ.