ಮುಂಬಯಿಯ ನಗರಸಭೆ ಮತ್ತು ಫಿರೋಜ್‌ಷಾ ಮೆಹತಾ

ಫಿರೋಜ್‌ಷಾ ಮೆಹತಾ ಅವರ ಹೆಸರು ನಮ್ಮ ಇತಿಹಾಸ ಗ್ರಂಥಗಳಲ್ಲಿ ಬರುವುದು ಕಾಂಗ್ರೆಸ್ಸಿನ ಮಂದಗಾಮಿ ನಾಯಕರ ಸಾಲಿನಲ್ಲಿ. 1890ರ ಕಲಕತ್ತೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದುದನ್ನು ಎಲ್ಲರೂ ಬಲ್ಲರು. ಆದರೆ ಅವರ ನಿಜವಾದ ಕಾರ್ಯಕ್ಷೇತ್ರ ಮುಂಬಯಿಯ ನಗರಸಭೆ ಎಂದೇ ನಾನು ಭಾವಿಸಿದ್ದೇನೆ. ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿ ಸದಸ್ಯರಾಗಿದ್ದು, ನಾಲ್ಕು ಬಾರಿ ಅಧ್ಯಕ್ಷಪೀಠವನ್ನೇರಿದವರು ಅವರು.

ಇದರ ಮೂಲ 1871ರಲ್ಲಿದೆ. ಆರ್ಥರ್ ಕ್ರಾಫರ್ಡ್ ಎಂಬ ಕಮಿಷನರು ಮಾರುಕಟ್ಟೆ ಕಟ್ಟಿಸಿದರು, ನಗರದ ಕೊಳೆ ತೊಳೆದರು. ಜೊತೆಗೆ ಬೊಕ್ಕಸವನ್ನೂ ಬರಿದುಮಾಡಿದರು. ತೆರಿಗೆದಾರರು ಸಿಡಿದೆದ್ದರು. ಆಗ ತರುಣ ಬ್ಯಾರಿಸ್ಟರರಾಗಿದ್ದ ಮೆಹತಾ, ಫ್ರಾಮ್‌ಜಿ ಕಾವಸ್‌ಜಿ ಸಂಸ್ಥೆಯ ಸಭೆಯಲ್ಲಿ ಜನಾಭಿಪ್ರಾಯಕ್ಕೆ ಇದಿರಾಗಿ ಮಾತನಾಡಿದರು. ದೋಷ ಕಮಿಷನರನ ಅಧಿಕಾರದಲ್ಲಿಲ್ಲ, ಅವನನ್ನು ಪ್ರಶ್ನಿಸಬಲ್ಲ ಚುನಾಯಿತ ಸಭೆ ಇಲ್ಲದಿರುವುದರಲ್ಲಿದೆ ಎಂಬುದು ಅವರ ವಾದ. ಸಭಿಕರಿಗೆ ಅದು ರುಚಿಸಲಿಲ್ಲ. ಆದರೂ 1872ರ ಕಾಯಿದೆ ಬಹುಮಟ್ಟಿಗೆ ಅದೇ ಹಾದಿ ಹಿಡಿಯಿತು: ಅರ್ಧದಷ್ಟು ಸದಸ್ಯರನ್ನು ತೆರಿಗೆದಾರರೇ ಆರಿಸುವಂತಾಯಿತು. 1888ರ ಕಾಯಿದೆ ರೂಪುಗೊಳ್ಳುವಾಗ, ಶಾಸನಸಭೆಯಲ್ಲಿ ತೆಲಂಗರೊಡಗೂಡಿ ನಗರಸಭೆಯ ಹಕ್ಕುಗಳು ಮೊಟಕಾಗದಂತೆ ಕಾದವರೂ ಇವರೇ.

ಇಷ್ಟು ಪ್ರಾಬಲ್ಯವನ್ನು ಕೆಲವರು ಸಹಿಸಲಿಲ್ಲ. 1907ರಲ್ಲಿ ಕೆಲವು ಆಂಗ್ಲ ಅಧಿಕಾರಿಗಳೂ ಒಬ್ಬ ಪತ್ರಿಕಾ ಸಂಪಾದಕರೂ ಕೂಡಿ ಅವರನ್ನು ಸೋಲಿಸಲು ಗುಂಪು ಕಟ್ಟಿದರು. ‘ಕಾಕಸ್’ ಎಂದೇ ಅದು ಕುಖ್ಯಾತವಾಯಿತು. ಜಸ್ಟಿಸ್ ಆಫ್ ದಿ ಪೀಸ್ ಎಂಬ ಗೌರವಾನ್ವಿತರು ಆರಿಸುವ ಹದಿನಾರು ಸ್ಥಾನಗಳಿಗೆ ಚುನಾವಣೆ, ಮೆಹತಾ ಹದಿನೇಳನೆಯವರಾದರು! ಗೆದ್ದವರಲ್ಲೊಬ್ಬರ ಆಯ್ಕೆ ಅಸಿಂಧುವಾಗಿ, ಕಡೆಗೆ ಆ ಸ್ಥಾನ ಅವರಿಗೇ ದಕ್ಕಿತು. ನಗರದ ಪತ್ರಿಕೆಯೊಂದು ತಮಗೆ ಇದಿರಾಗಿ ನಿಂತ ಮೇಲೆ, 1913ರಲ್ಲಿ ಅವರು ‘ಬಾಂಬೆ ಕ್ರಾನಿಕಲ್’ ಪತ್ರಿಕೆಯನ್ನು ಹೊರಡಿಸಿದರು.

ಅವರನ್ನು ಜನತೆಯ ನಾಯಕರೆಂದು ಕರೆಯಲು ಮಾತ್ರ ನಾನು ತುಸು ಹಿಂದೆಗೆಯುತ್ತೇನೆ. ಅವರ ನಗರಸಭೆಗೆ ಮತ ಹಾಕುತ್ತಿದ್ದವರು ಆಸ್ತಿವಂತರು. ಗಿರಣಿಯಲ್ಲಿ ದುಡಿದು ಚಾಳಿನಲ್ಲಿ ಮಲಗುತ್ತಿದ್ದವನಿಗೆ ಅಲ್ಲಿ ದನಿಯಿರಲಿಲ್ಲ. ಬಾಡಿಗೆದಾರರಿಗೆ ಮತ ದೊರೆತದ್ದು 1922ರಲ್ಲಿ. ವಯಸ್ಕ ಮತದಾನ ಬಂದದ್ದು 1948ರಲ್ಲಿ.

ಮೆಹತಾ 1915ರ ನವೆಂಬರ್ 5ರಂದು ತೀರಿಕೊಂಡರು. ನಗರಸಭೆಯ ಕಟ್ಟಡದ ಮುಂದೆ 1923ರಿಂದ ಅವರ ಪ್ರತಿಮೆ ನಿಂತಿದೆ. ಒಳಗೆ ನಡೆಯುವ ಆಡಳಿತಕ್ಕೆ ಆಧಾರ ಹಲವು ತಿದ್ದುಪಡಿಗಳನ್ನು ಕಂಡ ಅದೇ 1888ರ ಕಾಯಿದೆ. ಸರ್ಕಾರ ನೇಮಿಸಿದ ಕಮಿಷನರು, ಜನರು ಆರಿಸಿದ ಸಭೆ ಎಂಬ ಆ ಏರ್ಪಾಡನ್ನು ನಮ್ಮ 1976ರ ಕರ್ನಾಟಕ ಪೌರನಿಗಮಗಳ ಕಾಯಿದೆಯಲ್ಲಿಯೂ ಕಾಣಬಹುದು.