ಪಿತ್ತದಿಂದ ಉಗಿಯಂತ್ರಕ್ಕೆ: ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಕೋಪದ ಚರಿತ್ರೆ

ಕೋಪಕ್ಕೆ ಸಂಬಂಧಿಸಿದ ಇಂಗ್ಲಿಷ್ ನುಡಿಗಟ್ಟುಗಳಲ್ಲಿ ದೇಹವು ಮುಚ್ಚಿದ ಪಾತ್ರೆ, ಕೋಪ ಅದರೊಳಗೆ ಕಾಯುವ ದ್ರವ. 'ಬಾಯ್ಲ್ ವಿತ್ ರೇಜ್' ಎಂದರೆ ದ್ರವ ಕುದಿಯುತ್ತಿದೆ. 'ಸಿಮರ್ ಡೌನ್' ಎಂದರೆ ಕುದಿ ತಗ್ಗಲಿ. 'ಬ್ಲೋ ಯುವರ್ ಟಾಪ್' ಎಂದರೆ ಮುಚ್ಚಳ ಹಾರಿತು. ಬಿಡಿಬಿಡಿಯಾಗಿ ಕಾಣುವ ಈ ಮಾತುಗಳನ್ನು ಒಂದೇ ರೂಪಕ ಹಿಡಿದಿಟ್ಟಿದೆಯೆಂದು ತೋರಿಸಿದವರು ಭಾಷಾವಿಜ್ಞಾನಿಗಳಾದ ಅಮೆರಿಕದ ಜಾರ್ಜ್ ಲೇಕಾಫ್ ಮತ್ತು ಹಂಗೇರಿಯ ಜೋಲ್ಟಾನ್ ಕೊವೆಚೆಶ್. ಲೇಕಾಫರ 1987ರ 'ವಿಮೆನ್, ಫೈರ್, ಅಂಡ್ ಡೇಂಜರಸ್ ಥಿಂಗ್ಸ್' ಗ್ರಂಥದಲ್ಲಿ ಈ ವಿಶ್ಲೇಷಣೆ ವಿಸ್ತಾರವಾಗಿ ಬಂದಿದೆ. ಅವರ ವಾದಕ್ಕೆ ಶರೀರವೇ ಬುನಾದಿ: ಸಿಟ್ಟು ಬಂದಾಗ ಮೈ ಬಿಸಿಯಾಗುತ್ತದೆ, ರಕ್ತದ ಒತ್ತಡ ಏರುತ್ತದೆ, ಆ ಅನುಭವವೇ ರೂಪಕವಾಗುತ್ತದೆ.

ಈ ವಿವರಣೆ ಅರ್ಧದಷ್ಟೇ ಸರಿ ಎಂಬುದು ನನ್ನ ನಿಲುವು. 1995ರಲ್ಲಿ ಬೆಲ್ಜಿಯಂನ ಡರ್ಕ್ ಗೀರಾರ್ಟ್ಸ್ ಮತ್ತು ಸ್ಟೆಫಾನ್ ಗ್ರೊಂಡೆಲಾರ್ಸ್, ಈ ರೂಪಕದ ಬೇರು ಹಳೆಯ ವೈದ್ಯಶಾಸ್ತ್ರದಲ್ಲೂ ಇದೆಯೆಂದು, ಇದಕ್ಕೆ ಬಲವಾದ ಆಕ್ಷೇಪ ಎತ್ತಿದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಏರುಪೇರಿನಿಂದ ಸ್ವಭಾವ ಕೆಡುತ್ತದೆಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಪರಂಪರೆಯ ವೈದ್ಯಶಾಸ್ತ್ರ ಶತಮಾನಗಳ ಕಾಲ ಯುರೋಪಿಗೆ ಕಲಿಸಿತ್ತು. 'ಕಾಲರ್' ಎಂಬ ಒಂದೇ ಪದ ಹಳದಿ ಪಿತ್ತವೂ ಹೌದು, ಕೋಪವೂ ಹೌದು. 'ಮೆಲಂಕಲಿ' ಎಂಬ ವಿಷಾದದ ಹೆಸರಿಗೆ ಗ್ರೀಕಿನಲ್ಲಿ ಕಪ್ಪು ಪಿತ್ತವೆಂದೇ ಅರ್ಥ. ಆ ಕಪ್ಪು ಪಿತ್ತದ ನೆಲೆಯೆಂದು ನಂಬಿದ್ದ ಗುಲ್ಮವೇ ಕೋಪ ಹೊರಹಾಕು ಎಂಬರ್ಥದ 'ವೆಂಟ್ ಯುವರ್ ಸ್ಪ್ಲೀನ್' ಎಂಬ ಮಾತಿನಲ್ಲಿ ಇಂದಿಗೂ ಉಳಿದಿದೆ. ಷೇಕ್ಸ್‌ಪಿಯರನ 'ದ ಟೇಮಿಂಗ್ ಆಫ್ ದ ಶ್ರೂ' ನಾಟಕದಲ್ಲಿ ಪೆಟ್ರೂಕಿಯೊ ಸೀದ ಮಾಂಸವನ್ನು ತಿನ್ನಬಾರದೆನ್ನುತ್ತಾನೆ. ಅದು ಪಿತ್ತವನ್ನೂ ಕೋಪವನ್ನೂ ಕೆರಳಿಸುತ್ತದೆಂಬುದು ಅವನು ಕೊಡುವ ಕಾರಣ. ಆ ಕಾಲದ ಪ್ರೇಕ್ಷಕರಿಗೆ ಅದು ಅಲಂಕಾರವಲ್ಲ, ಪಥ್ಯ. ಹುರಿದದ್ದು, ಖಾರದ್ದು ಪಿತ್ತ ಹೆಚ್ಚಿಸುತ್ತದೆನ್ನುವ ನಮ್ಮ ಮನೆಗಳಿಗೆ ಈ ಮಾತು ವಿವರಣೆಯಿಲ್ಲದೆ ತಿಳಿಯುತ್ತದೆ.

ವೈದ್ಯಶಾಸ್ತ್ರ ಬದಲಾಯಿತು, ಪಾತ್ರೆ ಉಳಿಯಿತು. 19ನೆಯ ಶತಮಾನದಲ್ಲಿ ಅದಕ್ಕೆ ಉಗಿಯಂತ್ರದ ರೂಪ ಬಂತು. ಬಾಯ್ಲರಿನಲ್ಲಿ ಒತ್ತಡ ಮಿತಿಮೀರಿದರೆ ಸುರಕ್ಷಾ ಕವಾಟ ತೆರೆದು ಉಗಿ ಹೊರಬಿಡಬೇಕು, ಇಲ್ಲವಾದರೆ ಸ್ಫೋಟ. 'ಲೆಟ್ ಆಫ್ ಸ್ಟೀಮ್' ಎಂಬ ನುಡಿಗಟ್ಟಿನಲ್ಲಿರುವುದು ಇದೇ ತರ್ಕ. ಇಲ್ಲಿ ಕೋಪ ತೋರುವುದು ದೋಷವಲ್ಲ, ರಕ್ಷಣೆ. ಕೋಪವನ್ನು ಕಂಡ ನೈತಿಕ ದೃಷ್ಟಿಯೇ ಈ ಪಲ್ಲಟದಲ್ಲಿ ಬದಲಾಗಿದೆ. ಮೈಬಿಸಿಯೊಂದರಿಂದಲೇ ಇದನ್ನು ವಿವರಿಸಲಾಗದು. ಮುಂದೆ ವಿದ್ಯುತ್ ಬಂತು, 'ಬ್ಲೋ ಎ ಫ್ಯೂಸ್' ಬಂತು. 'ಶಾರ್ಟ್ ಫ್ಯೂಸ್' ಮಾತ್ರ ಬೇರೆ: ಅದು ಸಿಡಿಮದ್ದಿನ ಗಿಡ್ಡ ಬತ್ತಿ.

ಶರೀರ ಎಲ್ಲರದೂ ಒಂದೇ ಆದರೂ ಭಾಷೆಗಳು ಕವಲೊಡೆಯುತ್ತವೆ. ಚೀನೀ ಭಾಷೆಯಲ್ಲಿ ಕೋಪವು ದ್ರವವಲ್ಲ, 'ಚೀ' ಎಂಬ ವಾಯು. ಜಪಾನಿನಲ್ಲಿ ಅದರ ನೆಲೆ 'ಹರ', ಎಂದರೆ ಹೊಟ್ಟೆ.

ಕನ್ನಡಕ್ಕೆ ತರುವಾಗ ಈ ಚರಿತ್ರೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಪಿತ್ತದ ಮಾತಿಗೆ ನಮ್ಮಲ್ಲಿ 'ಪಿತ್ತ ನೆತ್ತಿಗೇರಿತು' ಎಂಬ ಸಹಜವಾದ ಜೋಡಿಯಿದೆ. ಎರಡರ ಹಿಂದೆಯೂ ರಸ-ದೋಷಗಳನ್ನು ನಂಬಿದ ವೈದ್ಯವಿದೆ. ಉಗಿಯಂತ್ರದ ಮಾತಿಗೆ ಅಂಥ ಜೋಡಿಯಿಲ್ಲ. 'ಉಗಿ ಬಿಟ್ಟ' ಎಂದರೆ ಓದುಗ ತಬ್ಬಿಬ್ಬಾಗುತ್ತಾನೆ; ಕನ್ನಡದಲ್ಲಿ ಉಗಿಯುವುದೆಂದರೆ ಬೈಯುವುದು ಕೂಡ. 'ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡ' ಎಂಬುದು ಹೊರಹಾಕುವ ಭಾವವನ್ನು ಉಳಿಸುತ್ತದೆ, ಆದರೆ ಕವಾಟದ ಹಿತವನ್ನು ಕಳೆಯುತ್ತದೆ. 'ಮನಸ್ಸು ಹಗುರ ಮಾಡಿಕೊಂಡ' ಎಂದರೆ ಹಿತ ಉಳಿದು ಬಿಸಿ ಹೋಗುತ್ತದೆ. ಯಾವುದನ್ನು ಬಿಡಬಹುದೆಂದು ಅನುವಾದಕ ಸಂದರ್ಭ ನೋಡಿಯೇ ತೀರ್ಮಾನಿಸಬೇಕು. ಆದ್ದರಿಂದ ಇಂಗ್ಲಿಷ್–ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರಲ್ಲಿ ಒಂದು ಕೋರಿಕೆ: ಇಂಥ ನುಡಿಗಟ್ಟುಗಳಿಗೆ 'ಕೋಪಗೊಳ್ಳು' ಎಂಬ ಒಂದೇ ಅರ್ಥ ಕೊಟ್ಟು ಮುಗಿಸದೆ, ಆ ಚಿತ್ರ ವೈದ್ಯನ ಮನೆಯಿಂದ ಬಂದದ್ದೋ ಬಾಯ್ಲರಿನಿಂದ ಬಂದದ್ದೋ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.