ಕುರ್ಚಿಯ ಬೆನ್ನಿನ ಶಾಸನ: ಚಂಡೀಗಢದ ಸರ್ಕಾರಿ ಪೀಠೋಪಕರಣಗಳು

ಶಾಸನ ಅಂದ ತಕ್ಷಣ ನಮಗೆ ನೆನಪಾಗೋದು ಕಲ್ಲು, ಇಲ್ಲವೇ ತಾಮ್ರಪಟ. ಆದರೆ ಯಾವುದಾದರೂ ಹಳೆಯ ಸರ್ಕಾರಿ ಕಚೇರಿಗೆ ಹೋದಾಗ ಅಲ್ಲಿನ ಕುರ್ಚಿಯ ಬೆನ್ನನ್ನೋ ಮೇಜಿನ ಕಾಲನ್ನೋ ಒಮ್ಮೆ ನೋಡಿ. ಬಣ್ಣದಲ್ಲಿ ಬರೆದ ಇಲಾಖೆಯ ಹೆಸರಿನ ಮೊದಲಕ್ಷರಗಳು, ಪಕ್ಕದಲ್ಲೊಂದು ಸಂಖ್ಯೆ ಕಾಣಿಸುತ್ತೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅದೇ ಸಂಖ್ಯೆಯ ಎದುರು ಒಂದು ಸಾಲು ಇರುತ್ತೆ. ವಸ್ತು ಯಾರದು, ಎಲ್ಲಿಯದು, ಎಷ್ಟನೆಯದು ಅನ್ನೋದನ್ನ ಆ ನಾಲ್ಕಾರು ಅಕ್ಷರಗಳೇ ಹೇಳ್ತವೆ. ನನ್ನ ಲೆಕ್ಕದಲ್ಲಿ ಅದೂ ಶಾಸನವೇ. ಅದನ್ನು ಓದದೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಚಂಡೀಗಢಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1947ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅದನ್ನು ರೂಪಿಸಲು ಬಂದವರು ಲ ಕಾರ್ಬ್ಯೂಸಿಯೆ. ಅವರ ಸೋದರ ಸಂಬಂಧಿ ಪಿಯರ್ ಜಾನರೆ 1965ರವರೆಗೂ ಅಲ್ಲೇ ಉಳಿದು ಕೆಲಸ ಮಾಡಿದರು. ಕಟ್ಟಡಗಳು ಎದ್ದ ಮೇಲೆ ಸಚಿವಾಲಯ, ಹೈಕೋರ್ಟ್, ವಿಶ್ವವಿದ್ಯಾಲಯ, ಗ್ರಂಥಾಲಯ, ಎಲ್ಲಕ್ಕೂ ಕುರ್ಚಿ, ಮೇಜು, ಬೆಂಚು ಸಾವಿರಗಟ್ಟಲೆ ಬೇಕಾದವು. ಜಾನರೆ ಮತ್ತು ಯೂಲಿ ಚೌಧರಿಯವರಂಥ ಭಾರತೀಯ ವಾಸ್ತುಶಿಲ್ಪಿಗಳು ಅವುಗಳ ವಿನ್ಯಾಸ ಮಾಡಿದರು. ತೇಗದ ಮರ, ಬೆತ್ತದ ಹೆಣಿಗೆ, ಬಿಚ್ಚಿಟ್ಟ ಕೈವಾರದ ಹಾಗೆ ಕಾಣುವ ಕಾಲುಗಳು. ಮಾಡಿದವರು ಮಾತ್ರ ಅಲ್ಲಿನ ಬಡಗಿಗಳು. ನಮ್ಮ ಹೊಯ್ಸಳ ಶಿಲ್ಪಿ ಮಲ್ಲಿತಮ್ಮ ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿದ್ದಾನೆ. ಈ ಬಡಗಿಗಳಲ್ಲಿ ಹಾಗೆ ಹೆಸರು ಬಿಟ್ಟುಹೋದವರು ಕಾಣಸಿಗೋದಿಲ್ಲ. ಒಂದೇ ವಿನ್ಯಾಸವಾದರೂ ಬೇರೆ ಬೇರೆ ಕೈಯಲ್ಲಿ ಆದದ್ದರಿಂದ ಅಳತೆಗಳೂ ಚೂರುಪಾರು ವ್ಯತ್ಯಾಸ. ಹಾಗಾಗಿ ಕುರ್ಚಿಯ ಗುರುತು ಹಿಡಿಯೋಕೆ ಉಳಿಯೋದು ಕಚೇರಿಯವರು ಬರೆಸಿದ ಅಕ್ಷರಗಳೇ.

ಕಾಲ ಕಳೆದಂತೆ ಬೆತ್ತ ಹರಿಯಿತು, ಕಾಲು ಅಲ್ಲಾಡಿತು. ಸ್ಟೀಲು, ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಹಳೆಯವು ಮಹಡಿ, ಗೋಡೌನು ಸೇರಿ, ಕೊನೆಗೆ ಕಂಡೆಮ್ ಆಗಿ ಗುಜರಿ ಬೆಲೆಗೆ ಹರಾಜಾದವು. ಕೊಂಡವರಲ್ಲಿ ಯುರೋಪಿನ ವ್ಯಾಪಾರಿಗಳೂ ಇದ್ದರು. ಸರಿಪಡಿಸಿದ ಅವೇ ಕುರ್ಚಿಗಳು ಪ್ಯಾರಿಸ್, ಲಂಡನ್, ನ್ಯೂಯಾರ್ಕಿನಲ್ಲಿ ಲಕ್ಷಗಳ ಲೆಕ್ಕದಲ್ಲಿ ಮಾರಾಟವಾದವು. ಊರಿನ ನಕ್ಷೆಯನ್ನೇ ಅಚ್ಚೊತ್ತಿದ್ದ ಎರಕದ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳಗಳೂ ಅದೇ ದಾರಿ ಹಿಡಿದವು.

ನಮಗೆ ಸಂಬಂಧಪಟ್ಟ ವಿಷಯ ಇರೋದು ಇಲ್ಲಿ. ಆ ಹರಾಜು ಕ್ಯಾಟಲಾಗುಗಳಲ್ಲಿ ಕುರ್ಚಿಯ ಜೊತೆಗೆ ಅದರ ಮೇಲಿನ ಬರಹದ ವಿವರವನ್ನೂ ಕೊಡ್ತಾರೆ. ವಿಶ್ವವಿದ್ಯಾಲಯದ್ದಾದರೆ 'ಪಿ.ಯು.', ಹೈಕೋರ್ಟಿನದಾದರೆ 'ಎಚ್.ಸಿ.'. ನಮ್ಮ ಕಚೇರಿಗಳಲ್ಲಿ ರಿಪೇರಿಯವನು ಉಪ್ಪುಕಾಗದ ಹಾಕಿ ಉಜ್ಜಿ, ಪಾಲಿಶ್ ಹೊಡೆದು ಅಳಿಸಿಬಿಡುವ ಅಕ್ಷರ ಅಲ್ಲಿ ವಸ್ತು ಅಸಲಿ ಅನ್ನೋದಕ್ಕೆ ಸಾಕ್ಷಿ. ಸಾಕ್ಷಿಗೆ ಬೆಲೆ ಬಂದ ಕಡೆ ಸುಳ್ಳು ಸಾಕ್ಷಿಯೂ ಹುಟ್ಟುತ್ತೆ. ಹೊಸ ಕುರ್ಚಿಗೆ ಹಳೆಯ ಅಕ್ಷರ ಬರೆದು ಮಾರೋದೂ ಶುರುವಾಯಿತು. ತಾಮ್ರಪಟ ಓದಿದವರಿಗೆ ಇದೇನೂ ಹೊಸದಲ್ಲ. ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನ ಅಂದರು, ಆ ಚರ್ಚೆ ಬಹಳ ಕಾಲ ನಡೆಯಿತು. ಅಸಲಿ ಯಾವುದು ಅಂತ ತೀರ್ಮಾನಿಸಬೇಕಾದರೆ ಲಿಪಿ, ಮುದ್ರೆ, ಸಿಕ್ಕಿದ ಜಾಗ ಮೂರನ್ನೂ ನೋಡ್ತೀವಿ. ಕುರ್ಚಿಯ ವಿಷಯದಲ್ಲಿ ಆ ಸಿಕ್ಕಿದ ಜಾಗ ಅನ್ನೋದು ಇರೋದು ರಿಜಿಸ್ಟರಿನ ಸಾಲಿನಲ್ಲಿ.

ಕಾನೂನು ಏನು ಮಾಡ್ತಿತ್ತು ಅಂತ ಕೇಳಬಹುದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಇಂಥ ವಸ್ತು ಪುರಾವಸ್ತು ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 100 ವರ್ಷ ಆಗಿರಬೇಕು. ಯುನೆಸ್ಕೋದ 1970ರ ಒಪ್ಪಂದವೂ ಪೀಠೋಪಕರಣಕ್ಕೆ 100 ವರ್ಷದ ಗಡಿಯನ್ನೇ ಇಟ್ಟಿದೆ. 1955ರಲ್ಲಿ ಮಾಡಿದ ಕುರ್ಚಿ ಆ ಗಡಿ ಮುಟ್ಟೋದು 2055ಕ್ಕೆ! ಮೇಲಾಗಿ ಕೊಂಡವರ ಕೈಯಲ್ಲಿ ಸರ್ಕಾರಿ ಹರಾಜಿನ ರಸೀದಿ ಇತ್ತು. ಕಳವು ಅನ್ನೋ ಹಾಗೂ ಇರಲಿಲ್ಲ. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವುಗಳ ಮಾರಾಟಕ್ಕೆ ತಡೆ ಹಾಕಿತು. ಚಂಡೀಗಢದಲ್ಲಿ 12,793 ವಸ್ತುಗಳು ಪಾರಂಪರಿಕ ಪಟ್ಟಿಗೆ ಸೇರಿವೆ. ಅಷ್ಟು ಹೊತ್ತಿಗೆ ಹೋಗಬೇಕಾದದ್ದರಲ್ಲಿ ಬಹಳಷ್ಟು ಹೋಗಿಯಾಗಿತ್ತು.

ಇನ್ನು ಕಲಾಕೃತಿಗಳದ್ದು. ಹೈಕೋರ್ಟಿನ ಕೋರ್ಟ್ ಹಾಲುಗಳಿಗಾಗಿ ಕಾರ್ಬ್ಯೂಸಿಯೆ ಒಂಬತ್ತು ದೊಡ್ಡ ಗೋಡೆಚಾಪೆಗಳ ಚಿತ್ರ ಬರೆದುಕೊಟ್ಟರು. ಒಂದು 144 ಚದರ ಮೀಟರ್, ಉಳಿದ ಎಂಟು 64 ಚದರ ಮೀಟರ್. ನೇಯ್ದವರು ಕಾಶ್ಮೀರದ ಕುಶಲಕರ್ಮಿಗಳು. ಇದು ಬರೀ ಅಲಂಕಾರ ಅಲ್ಲ. ಬೋಳು ಕಾಂಕ್ರೀಟಿನ ಎತ್ತರದ ಹಾಲಿನಲ್ಲಿ ಮಾತು ಗೋಡೆಗೆ ಬಡಿದು ಮಾರ್ದನಿಸುತ್ತೆ, ವಕೀಲರ ವಾದ ನ್ಯಾಯಾಧೀಶರಿಗೆ ಸ್ಪಷ್ಟವಾಗಿ ಕೇಳೋದಿಲ್ಲ. ದಪ್ಪ ಉಣ್ಣೆ ಆ ಸದ್ದನ್ನು ಹೀರಿಕೊಳ್ಳುತ್ತೆ. ಇಂಜಿನಿಯರ್ ಆಗಿ ಹೇಳೋದಾದರೆ ಅದು ಕಟ್ಟಡದ ಒಂದು ಭಾಗ. ಅದನ್ನು ಇಳಿಸಿ ಮ್ಯೂಸಿಯಮ್ಮಿನಲ್ಲಿ ಇಟ್ಟರೆ ಚಿತ್ರ ಉಳಿಯಬಹುದು, ಮಾಡುತ್ತಿದ್ದ ಕೆಲಸ ಉಳಿಯೋದಿಲ್ಲ.

ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಾಸನದ ಪಾಠಕ್ಕೂ ಮೊದಲು ಕಲ್ಲು ಯಾವ ಊರಲ್ಲಿ, ಯಾವ ಗುಡಿಯ ಯಾವ ದಿಕ್ಕಿಗೆ ಇದೆ ಅಂತ ಬರೆದಿರುತ್ತೆ. ಕಲ್ಲು ಕಾಣೆಯಾದರೂ ಆ ಒಂದು ಸಾಲಿನಿಂದ ನಾವು ಇವತ್ತಿಗೂ ಹುಡುಕಿಕೊಂಡು ಹೋಗ್ತೀವಿ. ಅದೇ ಶಿಸ್ತು ಕುರ್ಚಿಗೂ ಸಾಕು. ವಸ್ತುವಿನ ನಾಲ್ಕೂ ಕಡೆ ಮತ್ತು ಅಡಿಯ ಫೋಟೋ, ಅಕ್ಷರಗಳಿದ್ದಂತೆಯೇ ಪಾಠ, ಅಳತೆ, ಯಾವ ಕೋಣೆಯಲ್ಲಿತ್ತು ಅನ್ನೋದು, ರಿಜಿಸ್ಟರಿನ ಆ ಪುಟದ ನಕಲು. ಬರಹ ಇರುವ ಜಾಗಕ್ಕೆ ಉಪ್ಪುಕಾಗದ ಮುಟ್ಟಿಸಬಾರದು ಅಂತ ರಿಪೇರಿಯ ಆದೇಶದಲ್ಲೇ ಒಂದು ವಾಕ್ಯ ಸೇರಿಸಬೇಕು. ಇದಕ್ಕೆ ಖರ್ಚು ಇಲ್ಲ ಅಂದರೂ ಸರಿ.

ನಮ್ಮ ತಾಲ್ಲೂಕು ಕಚೇರಿ, ಹಳೆಯ ಕೋರ್ಟು, ಸರ್ಕಾರಿ ಕಾಲೇಜುಗಳಲ್ಲೂ ನೂರು ವರ್ಷ ತುಂಬದ, ಯಾವ ಪಟ್ಟಿಗೂ ಸೇರದ ಮರದ ಸಾಮಾನು ಇದೆ. ಅವೆಲ್ಲ ಚಂಡೀಗಢದ ಕುರ್ಚಿಗಳಷ್ಟು ಪ್ರಸಿದ್ಧ ಆಗಬೇಕಿಲ್ಲ. ಶಾಸನ ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗುವ ನಾವು ದಾರಿಯಲ್ಲಿ ಕಚೇರಿಯೊಂದಕ್ಕೆ ಹೊಕ್ಕಾಗ, ಅನುಮತಿ ಕೇಳಿ, ಕೂತ ಕುರ್ಚಿಯ ಬೆನ್ನಿನ ಎರಡು ಅಕ್ಷರ ಓದಿ ಬರೆದುಕೊಂಡು ಬಂದರೆ ಮುಂದಿನವರಿಗೆ ಹುಡುಕೋಕೆ ಒಂದು ಸಾಲು ಸಿಗುತ್ತೆ.